ಒಂದು ನೂಲು ದಪ್ಪ

ಡ್ರ್ಯಾಗ್ ಎನ್ನುವ ಪದ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ, ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಕಾಡಿನಲ್ಲಿ ಕಡಿದು ಉರುಳಿಸಿದ ನಾಟಾ ದಿಮ್ಮಿಯನ್ನು ಸರಪಳಿ ಬಿಗಿದು ರಸ್ತೆಯವರೆಗೆ ಎಳೆದು ತರುವುದಕ್ಕೆ ನಮ್ಮ ಕಡೆ ಡ್ರ್ಯಾಗ್ ಮಾಡುವುದು ಎನ್ನುತ್ತಾರೆ. ಮೊದಲು ಆನೆ ಎಳೆಯುತ್ತಿತ್ತು, ಆಮೇಲೆ ಲಾರಿಗಳು ಎಳೆದವು. ನರಸಿಂಹರಾಜಪುರದ ಕಡೆಯ ನಾಟಾ ಲಾರಿಗಳ ಎಷ್ಟೋ ಬಿಡಿಭಾಗಗಳನ್ನು ನಾನೇ ಎರಕ ಹೊಯ್ದು ಕೊಟ್ಟಿದ್ದೇನೆ. ಹಾಗಾಗಿ ಡ್ರ್ಯಾಗ್ ಅಂದರೆ ಭಾರ ಎಳೆಯುವುದು. ಅದೊಂದರಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ. ಮಿಕ್ಕ ಎಲ್ಲದರಲ್ಲೂ ಇತ್ತು.

ಎರಡು ಸಾವಿರದ ಐದರ ಆಸುಪಾಸು ಇರಬೇಕು. ಕೊಪ್ಪ ಪೇಟೆ ಮುಗಿದು ರಸ್ತೆ ಇಳಿಯುವಲ್ಲಿ ನನ್ನ ಎರಕದ ಶೆಡ್ಡು ಇತ್ತು. ಹಳೆಯ ಪಿಸ್ಟನ್ನು, ಒಡೆದ ಗೇರ್‌ಬಾಕ್ಸು, ತಳ ಹೋದ ಪಾತ್ರೆ, ಸಿಕ್ಕಿದ ಅಲ್ಯುಮಿನಿಯಂ ಎಲ್ಲವನ್ನೂ ಮೂಸೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವುದು ನನ್ನ ಕಸುಬು. ಅಡಿಕೆ ಸುಲಿಯುವ ಯಂತ್ರಗಳು ಆಗಷ್ಟೇ ಊರೂರಿಗೆ ಬರುತ್ತಿದ್ದವು. ಅವುಗಳ ಪುಲ್ಲಿ, ಕಾಫಿ ಪಲ್ಪರಿನ ಬುಷ್ಷು, ಪಂಪಿನ ಚಕ್ರ, ಇಷ್ಟರಲ್ಲಿ ನನ್ನ ವಿದ್ಯೆ ಮುಗಿಯುತ್ತಿತ್ತು. ಆದರೆ ಈ ಕೆಲಸ ನನಗೆ ಬಾರದು ಎಂದು ಬಾಯಿಬಿಟ್ಟು ಹೇಳಿದವನಲ್ಲ ನಾನು. ನನ್ನ ಹೆಂಡತಿ ಅದನ್ನು ಜಂಬ ಎನ್ನುತ್ತಿದ್ದಳು, ನಾನು ಧೈರ್ಯ ಎಂದುಕೊಂಡಿದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಜೀಪು ನಿಂತಿತು. ಇಳಿದವರು ಅರವತ್ತೈದು ದಾಟಿದ ಹೆಂಗಸು. ಕಿಗ್ಗದ ದಾರಿಯಲ್ಲಿ ಅವರದ್ದೊಂದು ಕಾಫಿ ತೋಟವಿದೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ ನೋಡಿಕೊಳ್ಳುತ್ತಾರೆ ಎಂದು ಕೇಳಿ ಗೊತ್ತಿತ್ತು. ಮುಖ ನೋಡಿದ್ದು ಅವತ್ತೇ. ಬಾಗಿಲ ಪಕ್ಕದಲ್ಲೇ ಇದ್ದ ಮರಳಿನ ಪೆಟ್ಟಿಗೆಗೆ ಕಾಲು ಬಡಿದುಕೊಂಡು ಒಳಗೆ ಬಂದರು. ಕಣ್ಣೆದುರು ಇದ್ದ ಪೆಟ್ಟಿಗೆ ಇವರಿಗೆ ಕಾಣಲಿಲ್ಲವೇ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು. ಹಿಂದೆಯೇ ಬಂದ ಡ್ರೈವರು ದಿಂಬಿನ ಚೀಲದಲ್ಲಿ ಸುತ್ತಿದ್ದ ಒಂದು ಗಂಟನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದ.

ಒಳಗೆ ಅಲ್ಯುಮಿನಿಯಂ ಎರಕದ ಒಂದು ವಸ್ತು ಎರಡು ತುಂಡಾಗಿ ಕೂತಿತ್ತು. ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ಹಂಚುವ ಕೊಳವೆಗಳ ಗೊಂಚಲು ಅದು. ಮೆಕ್ಯಾನಿಕ್ಕರು ಮ್ಯಾನಿಫೋಲ್ಡ್ ಎನ್ನುತ್ತಾರೆ. ಅಂಥದ್ದನ್ನು ನಾನು ಎಷ್ಟೋ ನೋಡಿದ್ದೆ, ಆದರೆ ಇಷ್ಟು ಅಗಲದ ಬಾಯಿಗಳು, ಇಷ್ಟು ತೆಳ್ಳನೆಯ ಗೋಡೆ ನೋಡಿರಲಿಲ್ಲ. ಯಾರೋ ಬೆಸುಗೆ ಹಾಕಲು ಹೋಗಿ ಕೆಡಿಸಿದ್ದರು, ಅದು ಮತ್ತೆ ಸೀಳಿತ್ತು.

“ಇದೇ ಥರದ್ದು ಇನ್ನೊಂದು ಹೊಯ್ದು ಕೊಡ್ತೀರಾ ಮಾರಾಯ್ರೇ? ಎಲ್ಲೂ ಸಿಗೋದಿಲ್ಲ. ಹೊರದೇಶದಲ್ಲಿ ಯಾರೋ ಕೆಲವೇ ಕೆಲವು ಮಾಡಿದ್ದು” ಎಂದರು.

“ಯಾವ ಗಾಡಿದು ಅಮ್ಮ?”

“ಡ್ರ್ಯಾಗ್ ಕಾರು. ನಮ್ಮನೆಯವರು ತರಿಸಿದ್ದು, ಓಡಿಸ್ತಿದ್ದವಳು ನಾನು. ಮದ್ರಾಸ್ ಕಡೆ ವಿಮಾನ ಇಳೀತಿದ್ದ ಒಂದು ಹಳೇ ಪಟ್ಟಿ ಮೇಲೆ. ಕಾಲು ಮೈಲಿ, ನೇರ. ಅಷ್ಟೇ.”

ಕಾಲು ಮೈಲಿ ಏನನ್ನು ಎಳೆಯುತ್ತಿದ್ದರು, ವಿಮಾನದ ಪಟ್ಟಿಯ ಮೇಲೆ ನಾಟಾ ಎಲ್ಲಿಂದ ಬಂತು, ಮನೆಯ ಹೆಂಗಸು ಯಾಕೆ ಎಳೆಯಬೇಕು, ಒಂದೂ ನನಗೆ ಹೊಳೆಯಲಿಲ್ಲ. ಕೇಳಿದರೆ ದಡ್ಡನಾಗುತ್ತೇನೆ. “ಓಹೋ, ಡ್ರ್ಯಾಗು” ಎಂದು ತಲೆಯಾಡಿಸಿದೆ. ಬಯಲುಸೀಮೆಯಲ್ಲಿ ಎತ್ತುಗಳಿಂದ ಗುಂಡುಕಲ್ಲು ಎಳೆಸುವ ಪಂದ್ಯವಿರುತ್ತದಲ್ಲ, ಹಾಗೆ ದೊಡ್ಡವರು ಕಾರಿನಿಂದ ಎಳೆಸುತ್ತಿದ್ದಿರಬೇಕು ಎಂದು ನಾನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

“ಎರಡು ಮಾತು ನೆನಪಿಡಿ. ಪುಲ್ಲಿಂಗ್ ಚೆನ್ನಾಗಿರಬೇಕು. ಮತ್ತೆ ಹಗುರ ಇರಬೇಕು, ಇದ್ದ ಹಾಗೇ” ಎಂದರು ಅವರು. ಗಾಡಿಯವರು ಇಂಜಿನ್ನಿನ ಕಸುವಿಗೆ ಪುಲ್ಲಿಂಗ್ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಸರಪಳಿ ಬಿಗಿದ ದಿಮ್ಮಿಯೊಂದು ಅಡ್ಡ ಬಿದ್ದಿತ್ತು. ಪುಲ್ಲಿಂಗ್ ಅಂದದ್ದೇ ಅದಿನ್ನೂ ಗಟ್ಟಿಯಾಯಿತು.

ಆಮೇಲೆ ಅವರು ಸ್ಟೂಲಿನ ಮೇಲೆ ಕೂತು, ನನ್ನ ಕಡೆ ಪೂರ್ತಿ ಮುಖ ತಿರುಗಿಸಿ ಹೇಳಿದರು. “ನನ್ನ ಕಣ್ಣು ಹೋಗ್ತಾ ಉಂಟು. ಪಕ್ಕದ್ದು ಆಗ್ಲೇ ಹೋಯ್ತು. ಎದುರಿಗೆ ನೇರ ಇದ್ದದ್ದು ಮಾತ್ರ ಕಾಣ್ತದೆ. ಅದೂ ಮುಂದಿನ ವರ್ಷಕ್ಕೆ ಉಳಿಯೋದಿಲ್ಲ ಅಂದಿದಾರೆ ಡಾಕ್ಟ್ರು. ನೇರ ಓಡಿಸ್ಲಿಕ್ಕೆ ನೇರ ಕಂಡ್ರೆ ಸಾಕಲ್ಲ. ಇನ್ನೊಂದೇ ಒಂದು ಸಲ ನಾನದನ್ನ ಓಡಿಸ್ಬೇಕು. ಈ ಬೇಸಗೆ ಬಿಟ್ರೆ ಆಗೋದಿಲ್ಲ.”

ಪೆಟ್ಟಿಗೆ ಯಾಕೆ ಕಾಣಲಿಲ್ಲ ಎನ್ನುವುದು ಆಗ ಗೊತ್ತಾಗಿ ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಒಪ್ಪಿಕೊಂಡೆ.

ಬೇಸಗೆಯ ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕು ಜಾಲಾಡಿದರೂ ಕಾಲು ಮೈಲಿ ನೇರ ಇರುವ ರಸ್ತೆ ಸಿಗುವುದಿಲ್ಲ. ನಮ್ಮ ರಸ್ತೆಗಳು ನಾಲ್ಕು ಮಾರು ಹೋಗುವುದರೊಳಗೆ ಮನಸ್ಸು ಬದಲಾಯಿಸುತ್ತವೆ. ಅವರು ಎರಡು ವರ್ಷ ಹುಡುಕಿ ಒಂದು ಜಾಗ ಕಂಡುಕೊಂಡಿದ್ದರು. ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರು ಬೇಸಗೆಯಲ್ಲಿ ಹಿಂದೆ ಸರಿದಾಗ ಅಣೆಕಟ್ಟಿನ ಮೊದಲಿನ ಹಳೇ ರಸ್ತೆಯ ತುಂಡೊಂದು ಮೇಲೆ ಬರುತ್ತದೆ. ಗಟ್ಟಿ ಜಲ್ಲಿಯ ರಸ್ತೆ, ದಾರ ಹಿಡಿದಂತೆ ನೇರ. ಮುಂಗಾರು ಹಿಡಿದರೆ ಅದು ಮತ್ತೆ ನೀರಿನೊಳಗೆ. ಕಾರನ್ನು ಅದಾಗಲೇ ನರಸಿಂಹರಾಜಪುರದ ಒಬ್ಬ ಮಿಸ್ತ್ರಿಯ ಗ್ಯಾರೇಜಿನಲ್ಲಿ ತಂದು ಇಟ್ಟಾಗಿತ್ತು. ಉಳಿದದ್ದೆಲ್ಲ ಸರಿಯಿದೆ, ಈ ಒಂದು ಭಾಗಕ್ಕಾಗಿ ನಿಂತಿದೆ ಎಂದರು.

ಎರಕಕ್ಕೆ ಮೊದಲು ಮರದ ಮಾದರಿ ಆಗಬೇಕು. ಅದನ್ನು ಮಾಡುವವನು ಕೊಪ್ಪದ ಹತ್ತಿರದ ನಾರ್ವೆ ಎನ್ನುವ ಹಳ್ಳಿಯ ಬಡಗಿ, ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಆಗ ಅವನು ಶೃಂಗೇರಿಯಲ್ಲಿ ಯಾತ್ರಿಕರ ವಸತಿಗೃಹವೊಂದರ ಬಾಗಿಲುಗಳನ್ನು ಸರಿಮಾಡುತ್ತಿದ್ದ. ಅಲ್ಲಿಗೇ ಹೋಗಿ ಗಂಟು ಬಿಚ್ಚಿ ತೋರಿಸಿದೆ. ಅವನು ಕೈ ಒರೆಸಿಕೊಂಡು ಎರಡೂ ತುಂಡನ್ನು ಜೋಡಿಸಿ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ.

“ಒಳಗೆ ಇಷ್ಟು ನುಣ್ಣಗೆ ಯಾಕೆ ಮಾಡಿದಾರೆ ಭಾವ? ಯಾರಿಗೆ ಕಾಣ್ತದೆ ಅದು?” ಎಂದ.

“ಫಾರಿನ್ನವರಿಗೆ ಕೆಲಸ ಇಲ್ಲ” ಎಂದೆ.

ನಮ್ಮ ಬಡಗಿಗಳಿಗೆ ಇಂಚಿಗೆ ಎಂಟು ನೂಲು. ಕರಗಿದ ಅಲ್ಯುಮಿನಿಯಂ ಆರಿದಾಗ ಅಡಿಗೆ ಒಂದು ನೂಲಿಗಿಂತ ತುಸು ಹೆಚ್ಚೇ ಕುಗ್ಗುತ್ತದೆ, ಅದಕ್ಕೆ ಮಾದರಿಯನ್ನು ಅಷ್ಟು ದೊಡ್ಡದು ಮಾಡಬೇಕು. ಇದೆಲ್ಲ ಭಾವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಹೊರಗಿನ ಆಕಾರ, ಬೋಲ್ಟಿನ ತೂತುಗಳ ಅಂತರ ಎಲ್ಲವನ್ನೂ ಅವನು ಗುರುತು ಹಾಕಿಕೊಂಡ. ಒಳಗಿನ ಪೊಳ್ಳಿಗೆ ಬೇರೆ ಏರ್ಪಾಡು. ಮರಳನ್ನೇ ಗಟ್ಟಿಮಾಡಿ ಕೊಳವೆಯ ಆಕಾರದಲ್ಲಿ ಬೇಯಿಸಿ ಅಚ್ಚಿನ ನಡುವೆ ಇಡುತ್ತೇವೆ. ಲೋಹ ಅದರ ಸುತ್ತ ತುಂಬಿಕೊಳ್ಳುತ್ತದೆ, ಆಮೇಲೆ ಮರಳನ್ನು ಕುಟ್ಟಿ ಉದುರಿಸಿದರೆ ಒಳಗೆ ದಾರಿ ಬಿಡುತ್ತದೆ. ಆ ಮರಳಿನ ಗಟ್ಟಿಗೆ ಕೋರ್ ಎನ್ನುತ್ತಾರೆ. ಅದನ್ನು ಒತ್ತುವ ಮರದ ಪೆಟ್ಟಿಗೆಯನ್ನೂ ಭಾವನೇ ಕೆತ್ತಬೇಕು.

ಅಲ್ಲಿ ನಾನು ಬಾಯಿ ಹಾಕಿದೆ. “ಭಾವ, ಕೋರನ್ನ ಸುತ್ತಲೂ ಒಂದೊಂದು ನೂಲು ಸಣ್ಣ ಮಾಡಿ.”

“ಯಾಕೆ?”

“ಗೋಡೆ ಒಂದು ನೂಲು ದಪ್ಪ ಬರ್ತದೆ. ಡ್ರ್ಯಾಗಿನ ಗಾಡಿ ಇದು, ದಿಮ್ಮಿ ಎಳೆಯುವಾಗ ಎಂಥಾ ಅದುರ್ತದೆ ಗೊತ್ತುಂಟಲ್ಲ. ತೆಳ್ಳಗಿದ್ದದ್ದಕ್ಕೇ ಇದು ಒಡೆದದ್ದು.”

ಭಾವ ಉಳಿಯ ಬೆನ್ನಿನಿಂದ ಕಿವಿಯ ಹಿಂದೆ ತುರಿಸಿಕೊಂಡ. “ಅವರು ಇದ್ದ ಹಾಗೇ ಬೇಕು ಅಂದಿದಾರೆ ಅಂತೀರಿ. ಹಗುರ ಇರಬೇಕು ಅಂತಲೂ ಅಂದಿದಾರೆ. ನಾವ್ಯಾಕೆ ಹೆಚ್ಚು ಮಾಡೋದು?”

“ಅವರಿಗೆ ಎಂತ ಗೊತ್ತು ಎರಕದ್ದು? ಮತ್ತೊಂದು ಸಲ ಒಡೆದ್ರೆ ಬೈಗುಳ ತಿನ್ನೋದು ಯಾರು, ನೀವಾ ನಾನಾ?”

ಅವನು ಪೆನ್ಸಿಲು ತೆಗೆದು ಕೋರಿನ ಗುರುತನ್ನು ತಿದ್ದಿಕೊಂಡ. ತನ್ನ ತಂಗಿಯ ಗಂಡನೊಡನೆ ವಾದಿಸಿ ಗೆದ್ದು ಏನಾಗಬೇಕು ಎಂದುಕೊಂಡಿರಬೇಕು. ಹೀಗೆ ಒಂದು ನೂಲು ದಪ್ಪವಾದದ್ದು ನನ್ನ ಬಾಯಿಂದ, ನನ್ನ ಒಳ್ಳೆಯ ಮನಸ್ಸಿನಿಂದ.

ಕೋರಿನ ಮರಳು ಒಗ್ಗೂಡಲು ನಾನು ಅಂಟುಪಾಕದಂಥ ಜೋನಿಬೆಲ್ಲ ಬೆರೆಸುತ್ತೇನೆ. ಅದನ್ನು ಬೇಯಿಸಲು ನನ್ನಲ್ಲಿ ಸರಿಯಾದ ಒಲೆ ಇರಲಿಲ್ಲ. ಪೇಟೆಯ ಬೇಕರಿಯವನ ಕೈಕಾಲು ಹಿಡಿದು, ಅವನ ಬನ್ನು ಬ್ರೆಡ್ಡು ಬೆಂದಾದ ಮೇಲೆ ಆ ಬಿಸಿಯಲ್ಲಿ ನನ್ನ ಕೋರುಗಳನ್ನು ಇಡಿಸಿದೆ. ಮೊದಲ ಸಲದ ಕೋರುಗಳನ್ನು ಶೆಡ್ಡಿನಲ್ಲಿಟ್ಟು ಊಟಕ್ಕೆ ಹೋಗಿ ಬರುವುದರೊಳಗೆ ಇರುವೆಗಳು ಬೆಲ್ಲದ ಆಸೆಗೆ ಮುತ್ತಿ ಅಂಚನ್ನೆಲ್ಲ ಉದುರಿಸಿಬಿಟ್ಟಿದ್ದವು. ಎರಡನೆಯ ಸಲ ಹೊಯ್ಯುವಾಗ ಕೋರು ಒಳಗೇ ತೇಲಿ ಒಂದು ಕಡೆ ಗೋಡೆಯೇ ಇಲ್ಲದಂತಾಯಿತು. ಯಾಕೆ ತೇಲಿತು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮೂರನೆಯ ಸಲ ಅದೇ ಮರಳು, ಅದೇ ಮೂಸೆ, ಅದೇ ನಾನು, ಏನೂ ಬೇರೆ ಮಾಡದೆ ಹೊಯ್ದೆ. ಅಚ್ಚು ಒಡೆದು ನೋಡಿದರೆ ಚಿಕ್ಕ ಗುಳ್ಳೆಯೂ ಇಲ್ಲ. ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಇದು ಚೆನ್ನಾಗಿ ಬಂದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಅಷ್ಟರಲ್ಲಿ ಮೇ ತಿಂಗಳು ಅರ್ಧ ಕಳೆದಿತ್ತು. ಮಧ್ಯಾಹ್ನದ ಮೇಲೆ ಗುಡುಗು ಶುರುವಾಗಿತ್ತು. ಇಂಜಿನ್ನಿಗೆ ಕೂರುವ ಮುಖಗಳನ್ನು ಸಮ ಮಾಡಿಸಿ, ತೂತು ಕೊರೆಸಿ, ಡ್ರೈವರನ ಕೈಯಲ್ಲಿ ಗ್ಯಾರೇಜಿಗೆ ಕಳುಹಿಸಿದೆ. ಮೂರನೇ ದಿನ ಮಿಸ್ತ್ರಿಯ ಫೋನು ಬಂತು. “ಕೂರಿಸಿದೆ ಮಾರಾಯ. ಒಂದೇ ಸೆಲ್ಫ್‌ಗೆ ಸ್ಟಾರ್ಟು! ಪೇಟೆ ಏರಿನಲ್ಲಿ ಒಂದು ಸುತ್ತು ಹೊಡೆದು ಬಂದೆ, ಎಂಥಾ ಎಳೆತ ಅಂತಿ! ಹಳೇದರಲ್ಲೂ ಹೀಗೆ ಏರು ಹತ್ತಿದ್ದು ನಾ ಕಾಣೆ.” ನಾನು ಫೋನಿಟ್ಟು ಹೆಂಡತಿಯ ಕಡೆ ನೋಡಿದ ನೋಟ ಅವಳಿಗೆ ಈಗಲೂ ನೆನಪಿದೆಯಂತೆ.

ಓಡಿಸುವ ದಿನ ಬೆಳಿಗ್ಗೆಯೇ ಭಾವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಹಿನ್ನೀರಿನ ಬಯಲಲ್ಲಿ ನೀರು ದೂರಕ್ಕೆ ಸರಿದು, ಹುಲ್ಲು ಹುಟ್ಟಿ, ಹಳೇ ಮರಗಳ ಬೊಡ್ಡೆಗಳು ಅಲ್ಲಲ್ಲಿ ಎದ್ದು ನಿಂತಿದ್ದವು. ನಡುವೆ ಆ ರಸ್ತೆ. ಸುತ್ತಲಿನ ಹಳ್ಳಿಯವರು ಮೂವತ್ತು ನಲವತ್ತು ಜನ ಸೇರಿದ್ದರು, ದನ ಮೇಯಿಸಲು ಬಂದವರೂ ನಿಂತಿದ್ದರು. ಕಾರನ್ನು ನಾನು ಮೊದಲ ಸಲ ನೋಡಿದೆ. ಉದ್ದ ಮೂತಿ, ಹಿಂದೆ ದಪ್ಪ ಚಕ್ರ, ಒಳಗೆ ಒಂದೇ ಸೀಟು. ಹಿಂದಿನ ಸೀಟು, ಹೊದಿಕೆ, ಕಿಟಕಿಯ ಗಾಜು, ಎಲ್ಲವನ್ನೂ ಕಿತ್ತು ಹಾಕಿದ್ದರು.

ನಾನು ಹಿಂದುಗಡೆ ಹೋಗಿ ಬಗ್ಗಿ ನೋಡಿದೆ. ಕೊಂಡಿ ಇರಲಿಲ್ಲ. ಸರಪಳಿ ಸಿಕ್ಕಿಸಲು ಎಲ್ಲೂ ಜಾಗವಿರಲಿಲ್ಲ. ಸುತ್ತ ನೋಡಿದೆ, ದಿಮ್ಮಿಯೂ ಇಲ್ಲ, ಕಲ್ಲೂ ಇಲ್ಲ. ಬೊಡ್ಡೆಗಳಲ್ಲಿ ಒಂದನ್ನು ಕೀಳುತ್ತಾರೇನೋ ಎಂದೂ ಒಂದು ಗಳಿಗೆ ಅನ್ನಿಸಿತು.

ಮಿಸ್ತ್ರಿಯ ಪಕ್ಕ ಹೋಗಿ ಮೆಲ್ಲಗೆ ಕೇಳಿದೆ. “ಎಳೆಯುವುದು ಎಂತದನ್ನ?”

“ಎಂತದನ್ನ ಅಂದ್ರೆ?”

“ಡ್ರ್ಯಾಗ್ ಅಲ್ಲವಾ?”

ಅವನು ನನ್ನ ಮುಖ ನೋಡಿದ. “ಎಂತದೂ ಎಳೆಯೋದಿಲ್ಲ ಮಾರಾಯ. ಖಾಲಿ ಓಡೋದು. ನಿಂತಲ್ಲಿಂದ ಹೊರಟು ಕಾಲು ಮೈಲಿ ಎಷ್ಟು ಬೇಗ ಮುಟ್ತದೆ, ಅದೇ ಆಟ. ಅದಕ್ಕೇ ಅಲ್ಲವಾ ಎಲ್ಲ ಬಿಚ್ಚಿ ಹಗುರ ಮಾಡಿದ್ದು? ಇಂಜಿನು ಗಾಳಿ ಕುಡಿಬೇಕು, ಗಾಳಿ. ಎಷ್ಟು ಗಾಳಿಯೋ ಅಷ್ಟು ಓಟ.”

ಅಷ್ಟು ಅಗಲ ಬಾಯಿ ಯಾಕೆ, ಅಷ್ಟು ತೆಳು ಗೋಡೆ ಯಾಕೆ, ಒಳಗೆ ಯಾರಿಗೂ ಕಾಣದಲ್ಲಿ ಅಷ್ಟು ನುಣುಪು ಯಾಕೆ, ಮೂರು ತಿಂಗಳಿಂದ ಅರ್ಥವಾಗದ್ದೆಲ್ಲ ಒಟ್ಟಿಗೇ ಅರ್ಥವಾಯಿತು. ಒಂದು ನೂಲು ದಪ್ಪ ಅಂದರೆ ಸುತ್ತಲೂ ಒಂದು ನೂಲು. ಅಲ್ಲಿಗೆ ಗಾಳಿಯ ದಾರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲನ್ನು ನಾನು ಮುಚ್ಚಿಹಾಕಿದ್ದೆ. ಏರಿನಲ್ಲಿ ನಿಧಾನ ಹತ್ತುವಾಗ ಇಕ್ಕಟ್ಟು ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗಿ ಅದು ಒಳ್ಳೆಯದೇ ಮಾಡಿತ್ತು. ಇಂಜಿನ್ನು ಪೂರ್ತಿ ಬಾಯಿಬಿಟ್ಟು ಉಸಿರೆಳೆಯುವಾಗ ಗಂಟಲು ಹಿಡಿಯುತ್ತದೆ. ನಾನು ಅವರ ಓಟದ ಕಾರನ್ನು ನಾಟಾ ಲಾರಿ ಮಾಡಿಟ್ಟಿದ್ದೆ.

ಭಾವನ ಕಡೆ ನೋಡಿದೆ. ಅವನೂ ಮಿಸ್ತ್ರಿಯ ಮಾತು ಕೇಳಿಸಿಕೊಂಡಿದ್ದ. “ಹೇಳಿ ಭಾವ” ಎಂದ, ಅಷ್ಟೇ.

ಕಾರಿನ ಹತ್ತಿರ ಹೋದೆ. ಅಮ್ಮ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಾಗಿತ್ತು. ಸೀರೆಯಲ್ಲ, ಗಂಡನದ್ದಿರಬೇಕು, ಹಳೆಯ ಖಾಕಿ ಪ್ಯಾಂಟು ಮತ್ತು ಶರಟು. ತಲೆಗೆ ಹೆಲ್ಮೆಟ್ಟು. ಎರಡೂ ಕೈ ಸ್ಟೇರಿಂಗಿನ ಮೇಲೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. ನಾನು ಬಂದದ್ದು ಅವರಿಗೆ ಪಕ್ಕದಿಂದ ಕಾಣುವ ಹಾಗಿರಲಿಲ್ಲ, ಹೆಜ್ಜೆ ಕೇಳಿಸಿರಬೇಕು.

“ಎಂತ?” ಎಂದರು, ತಲೆ ತಿರುಗಿಸದೆ.

ಪಶ್ಚಿಮದಲ್ಲಿ ಮೋಡ ಕಪ್ಪಾಗಿ ನಿಂತಿತ್ತು. ಈಗ ಹೇಳಿದರೆ ಕಾರು ನಿಲ್ಲುತ್ತದೆ, ಇಷ್ಟು ಜನರ ಎದುರು ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಅವರ ಒಂದೇ ಒಂದು ಓಟ ಕೆಡುತ್ತದೆ. ಎರಡರಲ್ಲಿ ಯಾವುದು ದೊಡ್ಡದು ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ನನಗೂ ಗೊತ್ತಿತ್ತು.

“ಏನಿಲ್ಲ ಅಮ್ಮ” ಎಂದೆ.

ಹಿಂದೆ ಸರಿದೆ. ಮಿಸ್ತ್ರಿ ಕೈಯೆತ್ತಿ ಇಳಿಸಿದ.

ಕಾರು ಹೊರಟ ರೀತಿಗೆ ಜನ ಹೋ ಎಂದರು. ಹಿಂದಿನ ಚಕ್ರ ಜಲ್ಲಿಯನ್ನು ಚಿಮ್ಮಿಸಿ ಮೊದಲ ನೂರು ಗಜ ನುಗ್ಗಿ ಹೋಯಿತು. ಆಮೇಲೆ ಸದ್ದು ಏರಬೇಕಾದಲ್ಲಿ ಏರಲಿಲ್ಲ. ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು, ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತ ಹೋಯಿತು. ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ. ಮಿಸ್ತ್ರಿಗೆ ಗೊತ್ತಾಯಿತು, ಹುಬ್ಬು ಗಂಟಿಕ್ಕಿದ. ಕಾರು ನೇರ ಹೋಯಿತು. ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಆ ಕಡೆ ನೆಟ್ಟಿದ್ದ ಕೆಂಪು ಬಟ್ಟೆಯ ಕೋಲನ್ನು ದಾಟಿ, ಹುಲ್ಲಿನ ಮೇಲೆ ಹೋಗಿ ನಿಂತಿತು. ಮಿಸ್ತ್ರಿ ಕೈಯಲ್ಲಿದ್ದ ಗಡಿಯಾರವನ್ನು ಒತ್ತಿ ನೋಡಿ, ಜೇಬಿಗೆ ಹಾಕಿಕೊಂಡ.

ನಾವೆಲ್ಲ ಓಡಿದೆವು. ಅಮ್ಮ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮುಖದಲ್ಲಿದ್ದದ್ದು ಸಂತೋಷವೋ ಬೇಸರವೋ ನನಗೆ ಓದಲು ಬರಲಿಲ್ಲ. ಕಣ್ಣಲ್ಲಿ ನೀರಿತ್ತು, ಗಾಳಿಗೂ ಬರುತ್ತದೆ. “ಆಯ್ತು” ಎಂದರು. ಮಿಸ್ತ್ರಿ ಟೈಮು ಹೇಳಲು ಹೊರಟರೆ, “ಬೇಡ, ನನಗೆ ಗೊತ್ತುಂಟು” ಎಂದರು. ಗಂಟೆ ಕಳೆಯುವುದರೊಳಗೆ ಮಳೆ ಬಂತು, ಕಾರನ್ನು ಲಾರಿಗೆ ಹತ್ತಿಸುವಷ್ಟರಲ್ಲಿ ಎಲ್ಲರೂ ಒದ್ದೆಯಾಗಿದ್ದೆವು.

ಕೊಪ್ಪದಲ್ಲಿ ಬಸ್ಸಿನಿಂದ ಇಳಿಯುವಾಗ ಭಾವ ಹೇಳಿದ. “ನನಗೆ ಬೈದಿದ್ರೂ ಆಗ್ತಿತ್ತು, ಬಡಗಿ ತಪ್ಪು ಮಾಡಿದ ಅಂದಿದ್ರೂ ಆಗ್ತಿತ್ತು. ಹೇಳಬೇಕಿತ್ತು ಭಾವ.”

ಆ ಮಳೆಗಾಲವಿಡೀ ನನಗೆ ನೆಮ್ಮದಿಯಿರಲಿಲ್ಲ. ಮುಂಗಾರು ಜೋರಾಗಿ ಹಿಡಿದು, ಹಿನ್ನೀರು ಆ ರಸ್ತೆಯನ್ನು ನುಂಗಿತು ಎಂದು ಯಾರೋ ಹೇಳಿದ ದಿನ ಊಟ ಸೇರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ ಎನ್ನುವುದೇ ತಲೆ ಕೆಡಿಸಿತು. ಮಿಸ್ತ್ರಿ ಕಾರನ್ನು ಬಿಚ್ಚಿ ನೋಡಿರಬಹುದೇ? ಅಮ್ಮನಿಗೆ ಹೇಳಿರಬಹುದೇ? ಕೇಳಿ ತಿಳಿದುಕೊಳ್ಳುವ ಧೈರ್ಯ ಇರಲಿಲ್ಲ. ಪೇಟೆಯಲ್ಲಿ ಅವರ ಜೀಪು ಕಂಡರೆ ಅಂಗಡಿಯೊಳಗೆ ಹೊಕ್ಕು, ಬೇಡದ ಸಾಮಾನು ಕಟ್ಟಿಸಿಕೊಂಡು ಬರುತ್ತಿದ್ದೆ. ಶ್ರಾವಣ ಕಳೆದ ಮೇಲೆ ಭಾವನೇ ಕೋರಿನ ಪೆಟ್ಟಿಗೆಯನ್ನು ಹೊಸದಾಗಿ ಕೆತ್ತಿ ತಂದು ಮೇಜಿನ ಮೇಲಿಟ್ಟ. ಈ ಸಲ ಒಡೆದಿದ್ದ ಹಳೆಯದರ ಅಳತೆಗೆ ಸರಿಯಾಗಿ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮರಳು ಒಣಗುವ ಹವೆ ಬರಲಿ ಎಂದು ಕಾದು, ದೀಪಾವಳಿಯ ಹೊತ್ತಿಗೆ ಹೊಯ್ದೆ. ಒಳಗಿನ ದಾರಿಯನ್ನು ಉಪ್ಪುಕಾಗದದಿಂದ ಹನ್ನೆರಡು ದಿನ ಉಜ್ಜಿದೆ. ಯಾರಿಗೆ ಕಾಣುತ್ತದೆ ಎಂದು ಈ ಸಲ ಇಬ್ಬರೂ ಕೇಳಲಿಲ್ಲ.

ಅದನ್ನು ಚೀಲದಲ್ಲಿ ಹಾಕಿಕೊಂಡು ಒಂದು ದಿನ ಶೃಂಗೇರಿಗೆ ಹೋಗಿ, ಅಲ್ಲಿಂದ ಕಿಗ್ಗದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಮುಂದಿನ ಬೇಸಗೆಗೆ ರಸ್ತೆ ಮತ್ತೆ ಮೇಲೆ ಬರುತ್ತದೆ, ಇದನ್ನು ಹಾಕಿ ಇನ್ನೊಂದು ಸಲ ಓಡಿಸಿ ಎನ್ನಬೇಕು, ಅದಕ್ಕೂ ಮೊದಲು ಕಾಲಿಗೆ ಬೀಳಬೇಕು ಎಂದುಕೊಂಡಿದ್ದೆ.

ಜಗಲಿಯಲ್ಲಿ ಅವರು ಕೂತಿದ್ದರು. ನಾನು ಎದುರಿಗೇ ಹೋಗಿ ನಿಂತೆ. “ಯಾರದು?” ಎಂದರು. ನೇರ ಎದುರು ನಿಂತವನನ್ನು ಯಾರು ಎಂದು ಕೇಳಿದರು. ನಾನು ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಿಗೇ ಚೆದುರಿ ಹೋಯಿತು.

“ಎರಕದವನು ಅಮ್ಮ, ಕೊಪ್ಪದಿಂದ” ಎಂದೆ. ಬೇರೇನೂ ತೋಚದೆ ಚೀಲದಿಂದ ತೆಗೆದು ಅವರ ಮಡಿಲಿನಲ್ಲಿಟ್ಟೆ.

ಅವರು ಎರಡೂ ಕೈಯಿಂದ ಅದನ್ನು ಸವರಿದರು. ಆಮೇಲೆ ತೋರುಬೆರಳು ನಡುಬೆರಳು ಎರಡನ್ನೂ ಒಟ್ಟಿಗೆ ಒಂದೊಂದೇ ಬಾಯಿಯೊಳಗೆ ಹಾಕಿ ಸುತ್ತ ತಿರುಗಿಸಿ ನೋಡಿದರು. “ಇದು ಸರಿ ಉಂಟು” ಎಂದರು. “ಅದು ಇಕ್ಕಟ್ಟಿತ್ತು.”

“ಯಾವುದು?”

“ಮೊದಲನೇದು. ಗ್ಯಾರೇಜಿಗೆ ಬಂದ ದಿನವೇ ಹೋಗಿ ಬೆರಳು ಹಾಕಿ ನೋಡಿದ್ದೆ. ಹಳೇದರಲ್ಲಿ ಎರಡು ಬೆರಳು ಸಲೀಸಾಗಿ ತಿರುಗ್ತಿತ್ತು. ನಿನ್ನದರಲ್ಲಿ ತಿರುಗ್ಲಿಲ್ಲ. ಈ ಪುಣ್ಯಾತ್ಮ ಎಂತಕ್ಕೆ ಇಷ್ಟು ದಪ್ಪ ಮಾಡಿದ ಅಂತ ನನಗೂ ತಲೆಬುಡ ಗೊತ್ತಾಗ್ಲಿಲ್ಲ.”

ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು. “ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಮ್ಮ?” ಎಂದೆ. ನನ್ನ ಸ್ವರ ಏರಿತ್ತು. ಆರು ತಿಂಗಳು ನಾನು ಪಟ್ಟ ಪಾಡಿಗೆ ಅವರ ಮೇಲೆಯೇ ಸಿಟ್ಟು ಬಂದಂತೆ ಆಗಿತ್ತು.

“ಹೇಳಿದ್ರೆ ನೀನು ಬಿಚ್ಚಿಸ್ತಿದ್ದೆ. ಮತ್ತೆ ಎರಕ, ಮತ್ತೆ ಒಂದು ತಿಂಗಳು. ನೀರು ಕಾಯ್ತಿತ್ತಾ? ಈ ಕಣ್ಣು ಕಾಯ್ತಿತ್ತಾ? ನಿಧಾನ ಆದ್ರೂ ಓಡ್ತದಲ್ಲ, ಓಡಲಿ ಅಂತ ಬಾಯಿ ಮುಚ್ಚಿಕೊಂಡೆ.” ಮಡಿಲಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು. “ಆವತ್ತು ಹೊರಡೋ ಹೊತ್ತಿಗೆ ನೀನು ಬಂದು ಪಕ್ಕ ನಿಂತೆಯಲ್ಲ, ಆಗ ನನ್ನ ಎದೆ ಧಸಕ್ ಅಂದಿತ್ತು. ಇವನಿಗೂ ಗೊತ್ತಾಯ್ತು, ಈಗ ಹೇಳ್ತಾನೆ, ಮಿಸ್ತ್ರಿ ನಿಲ್ಲಿಸಿಯೇ ಬಿಡ್ತಾನೆ ಅಂತ. ನೀನು ಏನಿಲ್ಲ ಅಂದೆ.”

ಅವರು ಕೈ ಚಾಚಿ ಗಾಳಿಯಲ್ಲಿ ಹುಡುಕಿ ನನ್ನ ಮುಂಗೈ ಹಿಡಿದುಕೊಂಡರು.

“ದೊಡ್ಡ ಪುಣ್ಯ ಕಟ್ಟಿಕೊಂಡೆ ಮಾರಾಯ. ನನ್ನ ಮನಸ್ಸು ತಿಳಿದು ಸುಮ್ಮನಾದೆಯಲ್ಲ.”

ನಾನು ಸುಮ್ಮನಾದದ್ದು ಜನರ ಎದುರು ಮಾನ ಹೋಗುತ್ತದೆಂದು ಹೆದರಿ ಎಂದು ಅವರಿಗೆ ಹೇಳಬೇಕಿತ್ತು. ಅವರು ಕೈ ಬಿಟ್ಟಿರಲಿಲ್ಲ. ಆಗಲೂ ನಾನು ಹೇಳಲಿಲ್ಲ.